ಬಾಗಿದ ಬೆನ್ನನ್ನು ಬಿಡಿಸುವಾಗ

ಚಿತ್ರಕಲೆ ಕಲಿಯಲು ಬರುವವರಿಗೆ ‘ಕೂಲಿ ಹೆಂಗಸನ್ನು ಬಿಡಿಸಿ’ ಅಂದರೆ ಹೆಚ್ಚಿನವರು ಮುಖದಿಂದ ಶುರು ಮಾಡುತ್ತಾರೆ. ಹಣೆಯಲ್ಲಿ ನಾಲ್ಕು ಗೆರೆ, ಕಣ್ಣಲ್ಲಿ ನೀರು, ಹರಿದ ಸೆರಗು. ನೋಡಿದವರಿಗೆ ಅಯ್ಯೋ ಅನ್ನಿಸಬೇಕು, ಅಷ್ಟೇ. ಆಗ ನಾನು ಮಿಲೆಯ ‘ಹಕ್ಕಲು ಆಯುವವರು’ ಚಿತ್ರವನ್ನು ಮುಂದಿಡುತ್ತೇನೆ.

ಜಾನ್ ಫ್ರಾಂಸ್ವಾ ಮಿಲೆ 1814ರಲ್ಲಿ ಫ್ರಾನ್ಸಿನ ನಾರ್ಮಂಡಿಯ ರೈತರ ಮನೆಯಲ್ಲಿ ಹುಟ್ಟಿದವನು, ಹುಡುಗನಾಗಿದ್ದಾಗ ತಾನೇ ಹೊಲದಲ್ಲಿ ದುಡಿದವನು. ಹಕ್ಕಲು ಗೊತ್ತಲ್ವಾ, ಕೊಯ್ಲಾದ ಮೇಲೆ ಹೊಲದಲ್ಲಿ ಬಿದ್ದುಳಿದ ತೆನೆ. ಅದನ್ನು ಬಡವರು ಆಯ್ದುಕೊಳ್ಳುವುದು ಅಲ್ಲೂ ಇತ್ತು, ನಮ್ಮಲ್ಲೂ ಇತ್ತು.

ಚಿತ್ರದಲ್ಲಿ ಮೂವರು ಹೆಂಗಸರಿದ್ದಾರೆ. ಮುಖ ಸರಿಯಾಗಿ ಕಾಣುವುದೇ ಇಲ್ಲ, ನೆರಳಲ್ಲಿದೆ. ಇಬ್ಬರು ಪೂರ್ತಿ ಬಾಗಿದ್ದಾರೆ, ಮೂರನೆಯವಳು ಅರ್ಧ ಎದ್ದಿದ್ದಾಳೆ. ಎಡಗಡೆ ನೀಲಿ ತಲೆವಸ್ತ್ರದವಳನ್ನು ನೋಡಿ: ಒಂದು ಕೈ ನೆಲಕ್ಕೆ ಚಾಚಿದೆ, ಇನ್ನೊಂದು ಆಯ್ದ ತೆನೆ ಹಿಡಿದುಕೊಂಡು ಸೊಂಟದ ಹಿಂದೆ ಕೂತಿದೆ. ಗಂಟೆಗಟ್ಟಲೆ ಬಾಗಿದವರ ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ದೂರದಲ್ಲಿ ಬಿಸಿಲು, ತುಂಬಿದ ಬಂಡಿ, ದೊಡ್ಡ ಬಣವೆಗಳು, ಕುದುರೆ ಮೇಲೊಬ್ಬ ಮೇಸ್ತ್ರಿ. ಆ ಸುಗ್ಗಿಯೆಲ್ಲ ಚಿಕ್ಕದಾಗಿ ಹಿಂದೆ ಉಳಿದಿದೆ. ಮುಂದೆ, ದೊಡ್ಡದಾಗಿ, ಈ ಮೂವರು. 1857ರಲ್ಲಿ ಪ್ಯಾರಿಸ್ಸಿನ ‘ಸಲೋನ್’ ಅನ್ನುವ ದೊಡ್ಡ ಕಲಾ ಪ್ರದರ್ಶನದಲ್ಲಿ ಇದನ್ನು ಕಂಡು ಕೆಲವು ವಿಮರ್ಶಕರು ಸಿಟ್ಟಾದರು, ಫ್ರಾನ್ಸಿನಲ್ಲಿ ಜನ ದಂಗೆಯೆದ್ದ 1848ರ ಕ್ರಾಂತಿಯ ಭಯ ಇನ್ನೂ ಆರಿರಲಿಲ್ಲ. ಅತ್ತು ಕರೆಯುವ ಬಡವರನ್ನು ಬಿಡಿಸಿದ್ದರೆ ಅವರಿಗೆ ಅಷ್ಟು ತೊಂದರೆ ಆಗುತ್ತಿರಲಿಲ್ಲ ಅಂತ ನನಗನ್ನಿಸುತ್ತದೆ.

ಮುಖಕ್ಕಿಂತ ಮೊದಲು ದುಡಿಯುವ ಮೈಯನ್ನು ನೋಡಬೇಕು ಅನ್ನುವುದನ್ನು ನಾನು ಪುಸ್ತಕಕ್ಕಿಂತ ಜಾಸ್ತಿ ಕಲಿತದ್ದು ಮಂಡ್ಯದ ಒಂದು ಗದ್ದೆ ಬದುವಿನಲ್ಲಿ. ನಾಟಿ ಮಾಡುವವರನ್ನು ಇದ್ದಿಲಲ್ಲಿ ಬಿಡಿಸುತ್ತಾ ಕೂತಿದ್ದೆ. ಊಟಕ್ಕೆ ಮೇಲೆ ಬಂದ ಹೆಂಗಸೊಬ್ಬರು ಹಾಳೆ ನೋಡಿ, “ಹಿಂಗೆ ಕಾಲು ಜೋಡ್ಸಿ ನಿಂತ್ರೆ ಕೆಸ್ರಲ್ಲಿ ಬಿದ್ದೋಯ್ತೀವಿ ಮೇಷ್ಟ್ರೇ” ಅಂದರು. ನಾನು ಅವರ ಸೀರೆಯ ಬಣ್ಣ ನೋಡಿದ್ದೆ, ಬಳೆ ನೋಡಿದ್ದೆ, ಕಾಲು ನೋಡಿರಲಿಲ್ಲ. ಅವರು ಅಲ್ಲೇ ಬಾಗಿ ತೋರಿಸಿದರು. ಕಾಲು ಅಗಲಕ್ಕೆ, ಪೈರಿನ ಕಟ್ಟು ಎಡಗೈಯಲ್ಲಿ, ಎಡ ಮೊಣಕೈ ಮೊಣಕಾಲಿನ ಮೇಲೆ. “ಭಾರ ಇಲ್ಲಿ ಬೀಳ್ತದೆ” ಅಂತ ಮೊಣಕಾಲು ತಟ್ಟಿದರು. ನಾನು ಹಾಳೆ ತಿರುಗಿಸಿ, ಆ ಮೊಣಕಾಲಿನಿಂದ ಹೊಸದಾಗಿ ಶುರು ಮಾಡಿದೆ.