ಸೇನೆಯ ಇಮೇಲ್ ಬದಲಾದಾಗ ಹೊರಗುಳಿಯುವವರು

ಕೇಂದ್ರ ಸರ್ಕಾರದ ಸುಮಾರು 12 ಲಕ್ಷ ನೌಕರರ ಇಮೇಲ್ ಖಾತೆಗಳು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಹಳೆಯ ವ್ಯವಸ್ಥೆಯಿಂದ ಭಾರತದ್ದೇ ಆದ ಝೋಹೋ ಕಂಪನಿಯ ವೇದಿಕೆಗೆ ವರ್ಗವಾದ ಸುದ್ದಿ 2025ರ ಅಕ್ಟೋಬರ್‌ನಲ್ಲಿ ಪತ್ರಿಕೆಗಳಲ್ಲಿ ಬಂದಾಗ, ಚರ್ಚೆಯೆಲ್ಲ ಸ್ವದೇಶಿ ತಂತ್ರಾಂಶ ಮೇಲೋ ವಿದೇಶಿಯದು ಮೇಲೋ ಎಂಬುದರ ಸುತ್ತಲೇ ನಡೆಯಿತು. ಅದು ಅಗತ್ಯವಾದ ಚರ್ಚೆಯೇ. ಆದರೆ ಲಕ್ಷಗಟ್ಟಲೆ ಮಂದಿಯನ್ನು, ಅದರಲ್ಲೂ ಸೈನಿಕರನ್ನು, ಒಂದು ಇಮೇಲ್‌ನಿಂದ ಇನ್ನೊಂದಕ್ಕೆ ಸಾಗಿಸಿದ ಹಿಂದಿನ ಪ್ರಯತ್ನಗಳನ್ನು ನೋಡಿದರೆ ತೊಡಕು ತಂತ್ರಾಂಶಕ್ಕಿಂತ ಹೆಚ್ಚಾಗಿ ಬೇರೊಂದು ಕಡೆ ಹುಟ್ಟಿರುವುದು ಕಾಣುತ್ತದೆ. ಹೊಸ ವ್ಯವಸ್ಥೆಯೊಳಗೆ ಯಾರಿಗೆ ಜಾಗ ಸಿಕ್ಕಿತು, ಯಾರಿಗೆ ಸಿಗಲಿಲ್ಲ, ಸಿಗದವರು ಆಮೇಲೆ ಯಾವ ದಾರಿ ಹಿಡಿದರು ಎಂಬಲ್ಲಿಯೇ ಮಾಹಿತಿ ಸೋರಿಕೆಯ ಮೂಲವಿರುತ್ತದೆ.

ಇದು ದೆಹಲಿಗೆ ಮಾತ್ರ ಸಂಬಂಧಿಸಿದ ಸಂಗತಿಯಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಎದ್ದಿರುವ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾದ ಮೇಲೆ ತುಮಕೂರು ಜಿಲ್ಲೆ ರಕ್ಷಣಾ ಉದ್ಯಮದ ನಕ್ಷೆಯಲ್ಲಿ ಸೇರಿದೆ. ಅದಕ್ಕಿಂತ ಮುಂಚಿನಿಂದಲೂ ಸೈನ್ಯಕ್ಕೆ ಸೇರಿದವರು, ಸೇವೆ ಮುಗಿಸಿ ಊರಿಗೆ ಬಂದು ನೆಲೆಸಿದವರು ಇಲ್ಲಿನ ಹಳ್ಳಿಗಳಲ್ಲಿದ್ದಾರೆ.

ಇಂಥ ಇಮೇಲ್ ಸ್ಥಳಾಂತರದ ದೊಡ್ಡ ಮತ್ತು ಚೆನ್ನಾಗಿ ದಾಖಲಾಗಿರುವ ಉದಾಹರಣೆ ಅಮೆರಿಕದ ಭೂಸೇನೆಯದು. ಅಲ್ಲಿ 2001ರ ಹೊತ್ತಿಗೆ ‘ಆರ್ಮಿ ನಾಲೆಡ್ಜ್ ಆನ್‌ಲೈನ್’ ಎಂಬ ಜಾಲತಾಣದಲ್ಲಿ ಪ್ರತಿಯೊಬ್ಬ ಸೈನಿಕನೂ ಖಾತೆ ಹೊಂದಬೇಕೆಂದು ಆದೇಶವಾಯಿತು. ಖಾತೆಯ ಜೊತೆಗೆ ಇಮೇಲ್ ವಿಳಾಸವೂ ಬಂತು. ನಿವೃತ್ತರಿಗೂ ಕುಟುಂಬದವರಿಗೂ ಅಲ್ಲಿ ಅವಕಾಶವಿತ್ತು. ಹೆಸರು ಮತ್ತು ಪಾಸ್‌ವರ್ಡ್ ಇದ್ದರೆ ಒಳಹೋಗಬಹುದಿತ್ತು. ಇದರ ಪಕ್ಕದಲ್ಲೇ ಪ್ರತಿಯೊಂದು ಸೇನಾ ನೆಲೆಯೂ ತನ್ನದೇ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಇಮೇಲ್ ಸರ್ವರ್‌ಗಳನ್ನು ನಡೆಸುತ್ತಿತ್ತು. ಒಂದು ನೆಲೆಯಿಂದ ಇನ್ನೊಂದಕ್ಕೆ ವರ್ಗವಾದವನು ಹಳೆಯ ಅಂಚೆಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಹೊಸ ಊರಿನಲ್ಲಿ ಹೊಸ ಖಾತೆ ತೆರೆಯಬೇಕಿತ್ತು. ಒಂದೇ ಸೇನೆಯಲ್ಲಿದ್ದರೂ ಪಕ್ಕದ ನೆಲೆಯ ಅಧಿಕಾರಿಯ ವಿಳಾಸ ಸುಲಭವಾಗಿ ಸಿಗುತ್ತಿರಲಿಲ್ಲ.

ಈ ಚದುರಿದ ವ್ಯವಸ್ಥೆಯನ್ನು ಒಂದುಗೂಡಿಸಲು ರಕ್ಷಣಾ ಮಾಹಿತಿ ವ್ಯವಸ್ಥೆಗಳ ಸಂಸ್ಥೆ ನಡೆಸುವ ‘ಎಂಟರ್‌ಪ್ರೈಸ್ ಇಮೇಲ್’ಗೆ ಎಲ್ಲರನ್ನೂ ಒಯ್ಯುವ ಕೆಲಸ 2011ರ ಆರಂಭದಲ್ಲಿ ಶುರುವಾಯಿತು. ಸುಮಾರು 14 ಲಕ್ಷ ಬಳಕೆದಾರರನ್ನು ಸಾಗಿಸಬೇಕಿತ್ತು. ಹೊಸ ವಿಳಾಸದಲ್ಲಿ ಹೆಸರಿನ ಜೊತೆಗೆ ಆ ವ್ಯಕ್ತಿ ಸೈನಿಕನೋ, ನಾಗರಿಕ ನೌಕರನೋ, ಗುತ್ತಿಗೆಯವನೋ ಎಂಬ ಗುರುತೂ ಸೇರಿತು. ಪಾಸ್‌ವರ್ಡಿನ ಕಾಲ ಮುಗಿದು, ಚಿಪ್ ಇರುವ ಗುರುತಿನ ಚೀಟಿಯನ್ನು ರೀಡರ್‌ಗೆ ಸಿಕ್ಕಿಸಿ ಪಿನ್ ಒತ್ತಿದರೆ ಮಾತ್ರ ಪತ್ರ ತೆರೆಯುವಂತಾಯಿತು. ಭದ್ರತೆಯ ದೃಷ್ಟಿಯಿಂದ ಇದು ಸರಿಯಾದ ಹೆಜ್ಜೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಕದ್ದ ಪಾಸ್‌ವರ್ಡನ್ನು ಜಗತ್ತಿನ ಯಾವ ಮೂಲೆಯಿಂದಲೂ ಬಳಸಬಹುದು, ಆದರೆ ಚೀಟಿಯನ್ನು ಬಳಸಬೇಕಾದರೆ ಅದು ಕೈಗೇ ಸಿಗಬೇಕು.

ಆದರೆ ಆ ಚೀಟಿಯ ಚಿಪ್‌ನಲ್ಲಿರುವ ಡಿಜಿಟಲ್ ಪ್ರಮಾಣಪತ್ರದಲ್ಲಿ ಸೈನಿಕನ ಇಮೇಲ್ ವಿಳಾಸವೇ ಅಡಕವಾಗಿರುತ್ತದೆ. ಪತ್ರಕ್ಕೆ ಸಹಿ ಹಾಕುವುದೂ ಗೂಢಲಿಪಿಗೆ ಪರಿವರ್ತಿಸುವುದೂ ಅದರ ಆಧಾರದ ಮೇಲೆಯೇ. ಹೀಗಾಗಿ ಮನೆ ಬದಲಿಸಿದವರು ರೇಷನ್ ಕಾರ್ಡಿನ ವಿಳಾಸವನ್ನೂ ತಿದ್ದಿಸಿಕೊಳ್ಳಬೇಕಾದ ಹಾಗೆ, ಇಮೇಲ್ ಬದಲಾದ ಪ್ರತಿಯೊಬ್ಬನೂ ತನ್ನ ಚೀಟಿಯ ಪ್ರಮಾಣಪತ್ರವನ್ನು ಹೊಸದು ಮಾಡಿಸಿಕೊಳ್ಳಬೇಕಾಯಿತು. ಗೂಢಲಿಪಿಯ ಹಳೆಯ ಕೀಲಿಯಿಂದ ಮುಚ್ಚಿದ ಪತ್ರಗಳನ್ನು ಓದಬೇಕಾದರೆ ಆ ಕೀಲಿಯನ್ನು ಬೇರೆಯಾಗಿ ಮರಳಿ ಪಡೆಯಬೇಕಿತ್ತು. ಪೂರ್ಣಾವಧಿ ಸೈನಿಕನಿಗೆ ಇದು ಕಚೇರಿಯಲ್ಲಿ ಮುಗಿಯುವ ಕೆಲಸ. ತಿಂಗಳಿಗೊಮ್ಮೆ ಕವಾಯತಿಗೆ ಬರುವ ಮೀಸಲು ಪಡೆಯವನು ಮಾತ್ರ ಮನೆಯ ಕಂಪ್ಯೂಟರಿಗೆ ಕಾರ್ಡ್ ರೀಡರ್ ಜೋಡಿಸಿಕೊಂಡು, ಬೇಕಾದ ಪ್ರಮಾಣಪತ್ರಗಳನ್ನೆಲ್ಲ ತಾನೇ ಅಳವಡಿಸಿಕೊಂಡು ಹೆಣಗಬೇಕಿತ್ತು.

ನಡುವೆ ವೆಚ್ಚದ ಲೆಕ್ಕ ಸ್ಪಷ್ಟವಾಗಿಲ್ಲವೆಂದು ಅಮೆರಿಕದ ಸಂಸತ್ತು ತಕರಾರು ತೆಗೆದು, 2011ರ ಕೊನೆಯಲ್ಲಿ ಹಣಕ್ಕೆ ತಡೆಹಾಕಿತು. ವರದಿ ಸಲ್ಲಿಸಿದ ಮೇಲೆ 2012ರಲ್ಲಿ ಕೆಲಸ ಮತ್ತೆ ಆರಂಭವಾಗಿ 2013ರಲ್ಲಿ ಬಹುಪಾಲು ಮುಗಿಯಿತು. ಸೇವೆಯಲ್ಲಿದ್ದವರೆಲ್ಲ ಹೊಸ ಕಡೆಗೆ ಹೋದರು. ನಿವೃತ್ತರು ಮತ್ತು ಕುಟುಂಬದವರಿಗೆ ಮಾತ್ರ, ಖಾಸಗಿ ಇಮೇಲ್ ನೋಡಿಕೊಳ್ಳಿ ಎಂದು ತಿಳಿಸಲಾಯಿತು. ಇಪ್ಪತ್ತು ಮೂವತ್ತು ವರ್ಷ ಸೇವೆ ಮಾಡಿದವರ ಪಿಂಚಣಿ, ಆಸ್ಪತ್ರೆ, ವಿಮೆಯ ಪತ್ರವ್ಯವಹಾರವೆಲ್ಲ ಹೀಗೆ ಸೇನೆಯ ಕಾವಲಿನಿಂದ ಆಚೆಗೆ ಸರಿಯಿತು.

ಹತ್ತು ವರ್ಷ ತುಂಬುವುದರೊಳಗೆ ಆ ವ್ಯವಸ್ಥೆಯೂ ಹಳತಾಯಿತು. 2022ರಲ್ಲಿ ಅದನ್ನು ಮುಚ್ಚಿ ಮೈಕ್ರೋಸಾಫ್ಟ್‌ನ ಕ್ಲೌಡ್‌ಗೆ ಹೋಗುವಾಗ ಲೈಸೆನ್ಸ್ ಎಲ್ಲರಿಗೂ ಸಾಲದೆ, ಕೆಳದರ್ಜೆಯ ಬಹಳಷ್ಟು ಸೈನಿಕರಿಗೆ ಅಧಿಕೃತ ಇಮೇಲೇ ಇಲ್ಲದಂತಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸುಮಾರು 2.5 ಲಕ್ಷ ಮಂದಿಗೆ ಗೂಗಲ್ ವರ್ಕ್‌ಸ್ಪೇಸ್ ಕೊಡುವುದಾಗಿ ಪ್ರಕಟಣೆ ಹೊರಬಿತ್ತು. ಸ್ವಂತ ಜಿಮೇಲನ್ನು ಸರ್ಕಾರಿ ಕೆಲಸಕ್ಕೆ ಮುಟ್ಟಬೇಡ ಎಂದು ಹೇಳಿಸಿಕೊಂಡಿದ್ದ ಸೈನಿಕನಿಗೆ ಕೊನೆಗೆ ಸರ್ಕಾರವೇ ಗೂಗಲ್‌ನ ಇಮೇಲ್ ಕೈಗಿಟ್ಟ ಹಾಗಾಯಿತು. ಇಷ್ಟೆಲ್ಲ ಖರ್ಚಿನ ನಡುವೆಯೂ ಬೆರಳಿನ ತಪ್ಪಿಗೆ ಮದ್ದಿರಲಿಲ್ಲ. ಸೇನೆಯ ವಿಳಾಸ ‘ಡಾಟ್ ಎಂಐಎಲ್’ ಎಂದು ಮುಗಿಯಬೇಕಾದ ಕಡೆ ಒಂದಕ್ಷರ ಬಿಟ್ಟು ‘ಡಾಟ್ ಎಂಎಲ್’ ಎಂದು ಒತ್ತಿದ ಪತ್ರಗಳು ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಡೊಮೇನ್‌ಗೆ ಹೋಗುತ್ತಿದ್ದವು. ಆ ಡೊಮೇನನ್ನು ನಿರ್ವಹಿಸುತ್ತಿದ್ದ ಡಚ್ ಗುತ್ತಿಗೆದಾರನೊಬ್ಬ 2023ರ ಜನವರಿಯಿಂದ ಕೆಲವೇ ತಿಂಗಳಲ್ಲಿ ಇಂಥ 1,17,000 ಪತ್ರಗಳನ್ನು ಹಿಡಿದಿಟ್ಟಿದ್ದು ಆ ಜುಲೈನಲ್ಲಿ ಬೆಳಕಿಗೆ ಬಂತು.

ನಮ್ಮಲ್ಲಿ ಎಚ್ಚರಿಕೆಯ ಗಂಟೆ ಬಾರಿಸಿದ್ದು 2010ರ ಏಪ್ರಿಲ್‌ನಲ್ಲಿ. ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಸಂಗಡಿಗರು ಹೊರತಂದ ವರದಿಯಲ್ಲಿ, ಭಾರತದ ರಕ್ಷಣೆಗೆ ಸಂಬಂಧಿಸಿದ ‘ರಹಸ್ಯ’ ಮುದ್ರೆಯ ದಾಖಲೆಗಳೂ ಬೇಹುಗಾರರ ಪಾಲಾಗಿದ್ದ ವಿವರವಿತ್ತು. ಕಳ್ಳ ತಂತ್ರಾಂಶ ತನಗೆ ಬೇಕಾದ ಆಜ್ಞೆಗಳನ್ನು ಪಡೆಯುತ್ತಿದ್ದ ಮಾರ್ಗಗಳಲ್ಲಿ ಯಾಹೂ ಇಮೇಲ್ ಖಾತೆಗಳೂ ಇದ್ದವು. ಈ ಕಾಗದಗಳು ಸರ್ಕಾರಿ ಕಂಪ್ಯೂಟರಿನಿಂದಲೇ ಹೋದವೆಂದು ಸಂಶೋಧಕರು ಹೇಳಲಿಲ್ಲ. ಸ್ವಂತ ಕಂಪ್ಯೂಟರಿಗೆ ನಕಲು ಮಾಡಿಕೊಂಡಾಗ ಹೋಗಿರಬಹುದು ಎಂಬ ಸಾಧ್ಯತೆಯನ್ನು ಅವರೇ ಮುಂದಿಟ್ಟರು. ಈ ಇಡೀ ಇತಿಹಾಸದಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವ ಸಾಲು ಇದೇ.

2013ರಲ್ಲಿ ಅಮೆರಿಕದ ಬೇಹುಗಾರಿಕಾ ಸಂಸ್ಥೆಗೆ ಗುತ್ತಿಗೆಯ ಮೇಲೆ ದುಡಿದಿದ್ದ ಎಡ್ವರ್ಡ್ ಸ್ನೋಡೆನ್ ಆ ದೇಶದ ಕಣ್ಗಾವಲನ್ನು ಬಯಲು ಮಾಡಿದ ಮೇಲೆ ದೆಹಲಿ ಚುರುಕಾಗಿ, 2015ರ ಫೆಬ್ರವರಿಯಲ್ಲಿ ಸರ್ಕಾರಿ ಇಮೇಲ್ ನೀತಿಯನ್ನು ಅಧಿಸೂಚಿಸಿತು. ನಮ್ಮ ಸೇನೆಯ ದಾರಿ ಸ್ವಲ್ಪ ಬೇರೆ. ಒಳಗಿನ ಸಂದೇಶಗಳು ಇಂಟರ್‌ನೆಟ್‌ಗೆ ತಾಗದ ಸೇನೆಯ ಸ್ವಂತ ಜಾಲದಲ್ಲೇ ಓಡಾಡುತ್ತವೆ. ಅಲ್ಲಿ ಹದಿನೈದು ವರ್ಷ ದುಡಿದ ‘ಅವಾನ್’ ವ್ಯವಸ್ಥೆಯ ಜಾಗಕ್ಕೆ 2021ರ ಡಿಸೆಂಬರ್‌ನಲ್ಲಿ ‘ಅಸಿಗ್ಮಾ’ ಬಂತು. ಇದನ್ನು ಕಟ್ಟಿದ್ದು ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ಸ್ ಕೋರ್‌ನ ಅಧಿಕಾರಿಗಳೇ. ಸಂದೇಶಗಳಿಗೆ ತುರ್ತಿನ ದರ್ಜೆ, ಅವು ಎಲ್ಲಿಗೆ ತಲುಪಿದವೆಂಬ ಜಾಡು, ಬದಲಾವಣೆಗೆ ತಕ್ಕಂತೆ ತಿದ್ದಿಕೊಳ್ಳುವ ವಿಳಾಸಪುಸ್ತಕ ಎಲ್ಲವೂ ಅದರಲ್ಲಿವೆ. ವರ್ಗಾವಣೆಯೇ ಬದುಕಾಗಿರುವ ಸೇನೆಯಲ್ಲಿ ಈ ವಿಳಾಸಪುಸ್ತಕ ಸಣ್ಣ ಅನುಕೂಲವಲ್ಲ.

ಹೊರಗಿನ ಸರ್ಕಾರಿ ಇಮೇಲ್‌ಗೆ ಎರಡನೆಯ ಬೀಗವಾಗಿ ‘ಕವಚ್’ ಎಂಬ ಆ್ಯಪ್ ಬಂದಾಗ, ಅದರ ಹೆಸರಿನಲ್ಲೇ ನಕಲಿ ತಂತ್ರಾಂಶ ತಯಾರಾಗಿ ಸರ್ಕಾರಿ ನೌಕರರಿಗೆ ಗಾಳ ಹಾಕಿತು. ಪಾಕಿಸ್ತಾನ ಮೂಲದ್ದೆಂದು ಹೇಳಲಾಗುವ ಗುಂಪೊಂದರ ಕೈವಾಡವನ್ನು ಸೈಬರ್ ಭದ್ರತಾ ಕಂಪನಿಗಳು 2022ರಲ್ಲಿ ವರದಿ ಮಾಡಿದವು. ಹೊಸ ವ್ಯವಸ್ಥೆಗೆ ಜನ ಹೊಂದಿಕೊಳ್ಳುತ್ತಿರುವ ಗೊಂದಲದ ದಿನಗಳೇ ಮೋಸಗಾರರಿಗೆ ಸುಗ್ಗಿ. ‘ನಿಮ್ಮ ಖಾತೆ ವರ್ಗವಾಗುತ್ತಿದೆ, ಇಲ್ಲಿ ಒತ್ತಿ’ ಎಂಬ ಪತ್ರ ಆಗ ಯಾರಿಗೂ ವಿಚಿತ್ರವೆನಿಸುವುದಿಲ್ಲ.

ರಕ್ಷಣಾ ಉದ್ಯಮದ ಅಂಚಿನಲ್ಲಿರುವವರ ಪಾಡೂ ಇದೇ. ಎಚ್‌ಎಎಲ್‌ನ ಕಾನ್ಪುರ ಘಟಕ ಅಮೆರಿಕದ ಸರಬರಾಜುದಾರರೊಂದಿಗೆ ವ್ಯವಹರಿಸುವಾಗ ನಡುವೆ ನುಸುಳಿದ ವಂಚಕರು, ವಿಳಾಸದಲ್ಲಿ ಒಂದೇ ಅಕ್ಷರದ ವ್ಯತ್ಯಾಸವಿದ್ದ ಇಮೇಲ್‌ನಿಂದ ಸುಮಾರು 55 ಲಕ್ಷ ರೂಪಾಯಿ ಲಪಟಾಯಿಸಿದ ಪ್ರಕರಣ 2025ರಲ್ಲಿ ಸುದ್ದಿಯಾಯಿತು. ಅಷ್ಟು ದೊಡ್ಡ ಸಂಸ್ಥೆಯ ಕಣ್ಣನ್ನೇ ತಪ್ಪಿಸಬಹುದಾದರೆ, ತುಮಕೂರು ಬಳಿಯ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ನಾಲ್ಕೈದು ಯಂತ್ರ ಇಟ್ಟುಕೊಂಡು ಬಿಡಿಭಾಗದ ಆರ್ಡರ್‌ಗೆ ಕಾಯುವ ಸಣ್ಣ ಉದ್ಯಮಿಯ ಜಿಮೇಲನ್ನು ಏಮಾರಿಸುವುದು ಎಷ್ಟರ ಮಾತು?

ಇನ್ನು ನಿವೃತ್ತರ ವಿಷಯ. 2021ರಲ್ಲಿ ಶುರುವಾದ ‘ಸ್ಪರ್ಶ್’ ವ್ಯವಸ್ಥೆ ಬ್ಯಾಂಕುಗಳ ಮಧ್ಯಸ್ಥಿಕೆಯನ್ನು ಕಡಿಮೆ ಮಾಡಿ ರಕ್ಷಣಾ ಪಿಂಚಣಿಯನ್ನು ನೇರವಾಗಿ ಖಾತೆಗೆ ಹಾಕುತ್ತದೆ. ಲಾಗಿನ್, ಓಟಿಪಿ, ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ, ದೂರಿನ ಉತ್ತರ ಎಲ್ಲವೂ ನೋಂದಾಯಿತ ಮೊಬೈಲ್ ಮತ್ತು ಇಮೇಲ್‌ನ ಮೇಲೆ ನಿಂತಿವೆ. ನವೆಂಬರ್ ಬಂತೆಂದರೆ ತುಮಕೂರಿನ ಬಸ್ ನಿಲ್ದಾಣದ ಸುತ್ತಲಿನ ಸೈಬರ್ ಸೆಂಟರ್‌ಗಳಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ ಪಿಂಚಣಿ ಆದೇಶದ ಪ್ರತಿಯನ್ನು ಮಡಚಿಟ್ಟುಕೊಂಡು ಬಂದ ಹಿರಿಯರು ಕಾಣುತ್ತಾರೆ. ‘ಸಾರ್, ಇಮೇಲ್ ಐಡಿ ಹೇಳಿ’ ಎಂದು ಹುಡುಗ ಕೇಳಿದರೆ, ‘ನನಗೆಲ್ಲಿಂದ ಬರ್ಬೇಕಪ್ಪ ಇಮೇಲು, ನಿಂದೇ ಯಾವ್ದಾದ್ರೂ ಹಾಕು’ ಎಂಬ ಉತ್ತರ ಬರುತ್ತದೆ. ಅವನು ಅಲ್ಲೇ ಒಂದು ಖಾತೆ ತೆರೆದು, ಪಾಸ್‌ವರ್ಡನ್ನು ಅಂಗಡಿಯ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾನೆ. ಒಂದೇ ಪುಟದಲ್ಲಿ ಹತ್ತಾರು ಜನರ ಹೆಸರು, ಪಾಸ್‌ವರ್ಡ್, ಆಧಾರ್ ಸಂಖ್ಯೆ. ಹುಡುಗನ ಉದ್ದೇಶ ಒಳ್ಳೆಯದೇ. ಮುಂದಿನ ವರ್ಷ ಮತ್ತೆ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂದು ಹಾಗೆ ಮಾಡುತ್ತಾನೆ. ಆದರೆ ನೋಟ್‌ಬುಕ್ ಕಳೆದರೆ ಅಥವಾ ಅಂಗಡಿ ಮುಚ್ಚಿದರೆ ಆ ಖಾತೆಗಳ ಗತಿಯೇನು ಎಂದು ಕೇಳುವವರಿಲ್ಲ.

ಇವರಿಗೆಲ್ಲ ಸರ್ಕಾರಿ ಇಮೇಲ್ ಕೊಡಬೇಕೆಂಬುದು ನನ್ನ ವಾದವಲ್ಲ. ಚಿಪ್ ಚೀಟಿಯಿಂದ ಪತ್ರ ತೆರೆಯಿರಿ ಎಂದರೆ ಎಪ್ಪತ್ತು ದಾಟಿದ ಸುಬೇದಾರರಿಗೆ ಇನ್ನೊಂದು ಹೊರೆಯಾದೀತು. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಾರಕ್ಕೆರಡು ದಿನ ಒಬ್ಬ ಸಿಬ್ಬಂದಿ ಕುಳಿತು, ಬಂದವರ ಸ್ವಂತ ಮೊಬೈಲ್ ಸಂಖ್ಯೆಯಲ್ಲೇ ಖಾತೆ ತೆರೆದುಕೊಟ್ಟು, ಎರಡು ಹಂತದ ದೃಢೀಕರಣ ಹಾಕಿ, ಅಂಗಡಿಯಲ್ಲಿ ತೆರೆದ ಹಳೆಯ ಖಾತೆಯನ್ನು ಸ್ಪರ್ಶ್‌ನಿಂದ ತೆಗೆಸಿದರೆ ಸದ್ಯಕ್ಕೆ ಅಷ್ಟು ಸಾಕು. ಅದಕ್ಕೆ ಬೇಕಾಗುವುದು ಒಂದು ಮೇಜು, ಒಂದು ಕಂಪ್ಯೂಟರ್ ಮತ್ತು ಹಿರಿಯರ ಮಾತನ್ನು ಕೇಳುವ ತಾಳ್ಮೆಯಿರುವ ಒಬ್ಬ ನೌಕರ.