ವೃಷಣದ ಸ್ಕ್ಯಾನಿಂಗ್‌ನಲ್ಲಿ ಏನೇನು ಮಾಡುತ್ತಾರೆ?

ಪ್ರಶ್ನೆ: ಎಡಗಡೆ ವೃಷಣ ಕೆಲವು ವಾರಗಳಿಂದ ಊದಿಕೊಂಡಂತಿದೆ. ಡಾಕ್ಟರು ಸ್ಕ್ಯಾನಿಂಗ್ ಬರೆದುಕೊಟ್ಟಿದ್ದಾರೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಕೇ? ನೋವಾಗುತ್ತದೆಯೇ?

ಉತ್ತರ: ಊಟ ಮಾಡಿಕೊಂಡೇ ಹೋಗಿ. ನೀರು ಕುಡಿದು ಮೂತ್ರ ತಡೆದುಕೊಳ್ಳುವುದೂ ಬೇಡ, ಕೂದಲು ಬೋಳಿಸುವುದೂ ಬೇಡ. (ಜೊತೆಗೆ ಹೊಟ್ಟೆಯ ಸ್ಕ್ಯಾನಿಂಗ್ ಕೂಡ ಬರೆದಿದ್ದರೆ ಮಾತ್ರ ಮೊದಲೇ ವಿಚಾರಿಸಿ.) ಹಳೆಯ ರಿಪೋರ್ಟ್ ಇದ್ದರೆ ಒಯ್ಯಿರಿ.

ಸೊಂಟದಿಂದ ಕೆಳಗಿನ ಬಟ್ಟೆ ತೆಗೆದು ಅಂಗಾತ ಮಲಗಬೇಕು. ವೃಷಣ ಚೀಲದ ಕೆಳಗೆ ಮಡಿಸಿದ ಟವೆಲ್ ಇಟ್ಟು ಎತ್ತರಿಸುತ್ತಾರೆ. ಶಿಶ್ನವನ್ನು ಹೊಟ್ಟೆಯ ಕಡೆಗೆ ಸರಿಸಿ ಬಟ್ಟೆ ಹೊದಿಸುತ್ತಾರೆ. ಜೆಲ್ ತಣ್ಣಗಿದ್ದರೆ ಚರ್ಮ ಮುದುಡಿ ವೃಷಣ ಮೇಲಕ್ಕೆ ಎಳೆದುಕೊಳ್ಳುತ್ತದೆ, ಚಿತ್ರ ತೆಗೆಯುವುದು ಕಷ್ಟ. ಬೆಚ್ಚಗಿನ ಜೆಲ್ ಕೇಳಲು ಸಂಕೋಚ ಬೇಡ. ಪಕ್ಕದಲ್ಲಿ ಇನ್ನೊಬ್ಬ ಸಿಬ್ಬಂದಿ ಇರಲಿ ಎಂದೂ ಕೇಳಬಹುದು. ಸ್ಪರ್ಶದಿಂದ ಶಿಶ್ನ ನಿಮಿರಿದರೆ ಅದು ದೇಹದ ಸಹಜ ಪ್ರತಿಕ್ರಿಯೆ, ಅಲ್ಲಿನವರಿಗೆ ಹೊಸದೇನಲ್ಲ.

ಊತ ಒಂದೇ ಕಡೆ ಇದ್ದರೂ ಎರಡೂ ಕಡೆ ನೋಡುತ್ತಾರೆ, ಸಾಮಾನ್ಯವಾಗಿ ಸರಿಯಿರುವ ಕಡೆಯಿಂದಲೇ ಶುರು. ಗಾತ್ರವಾಗಲಿ ರಕ್ತದ ಹರಿವಾಗಲಿ ಹೆಚ್ಚೋ ಕಡಿಮೆಯೋ ಎಂದು ತಿಳಿಯುವುದು ಹೋಲಿಸಿದಾಗಲೇ. ವಯಸ್ಕರ ವೃಷಣ ಸುಮಾರು 4ರಿಂದ 5 ಸೆಂ.ಮೀ. ಉದ್ದವಿರುತ್ತದೆ. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್ ಕೂಡ ಚರ್ಮದ ಮೇಲೆ ಆಡಿಸುವ ಇದೇ ಪ್ರೋಬ್‌ನಲ್ಲೇ (ಅಲ್ಟ್ರಾಸೌಂಡ್ ಉಪಕರಣ) ಆಗುತ್ತದೆ; ಸೂಜಿ ಇಲ್ಲ, ವಿಕಿರಣ ಇಲ್ಲ. ಸೋಂಕಾಗಿ ಬಾವು ಬಂದಿದ್ದರೆ ಪ್ರೋಬ್ ತಾಗಿದಾಗ ನೋಯಬಹುದು, ಹೇಳಿದರೆ ಒತ್ತುವುದನ್ನು ಕಡಿಮೆ ಮಾಡುತ್ತಾರೆ. ಎಲ್ಲ ಸೇರಿ 15ರಿಂದ 30 ನಿಮಿಷ.

ನಿಮ್ಮ ವಿಷಯದಲ್ಲಿ ಮುಖ್ಯವಾದದ್ದು ಕೊನೆಯ ಭಾಗ: ಎದ್ದು ನಿಲ್ಲಿಸಿ, ಉಸಿರು ಬಿಗಿಹಿಡಿದು ತಿಣುಕಲು ಹೇಳುತ್ತಾರೆ. ಎಡ ವೃಷಣದ ಅಭಿಧಮನಿ ಎಡ ಮೂತ್ರಪಿಂಡದ ಅಭಿಧಮನಿಗೆ ನೇರ ಕೋನದಲ್ಲಿ ಸೇರುವುದರಿಂದ ವೇರಿಕೋಸೀಲ್ (ವೃಷಣ ಚೀಲದ ಅಭಿಧಮನಿಗಳು ಉಬ್ಬಿಕೊಳ್ಳುವುದು) ಎಡಕ್ಕೇ ಹೆಚ್ಚು. ಮಲಗಿದಾಗ ಈ ರಕ್ತನಾಳಗಳು ಖಾಲಿಯಾಗಿ ಕಾಣದೇ ಹೋಗುತ್ತವೆ, ತಿಣುಕಿದಾಗ ರಕ್ತ ಹಿಂದಕ್ಕೆ ಹರಿದು ಉಬ್ಬುತ್ತವೆ. ಅರ್ಧಮನಸ್ಸಿನಿಂದ ತಿಣುಕಿದರೆ ರಿಪೋರ್ಟ್ ತಪ್ಪಾಗಿ ನಾರ್ಮಲ್ ಬರಬಹುದು. ಮಲಗಿದರೂ ಇಳಿಯದಿದ್ದರೆ ಹೊಟ್ಟೆಯನ್ನೂ ಸ್ಕ್ಯಾನ್ ಮಾಡಿ ಮೂತ್ರಪಿಂಡ ನೋಡುವುದು ಒಳ್ಳೆಯದು.

ರಿಪೋರ್ಟ್‌ನಲ್ಲಿ ಮೊದಲು ಹುಡುಕಬೇಕಾದದ್ದು ಗಂಟು ವೃಷಣದ ಒಳಗಿದೆಯೋ ಹೊರಗಿದೆಯೋ ಎಂಬುದನ್ನು. ಸುತ್ತ ನೀರು ತುಂಬುವ ಹೈಡ್ರೋಸೀಲ್, ಎಪಿಡಿಡಿಮಿಸ್‌ನ (ವೃಷಣದ ಹಿಂಬದಿಯ ವೀರ್ಯಾಣು ನಾಳ) ನೀರುಗುಳ್ಳೆ ಇವೆಲ್ಲ ಹೊರಗಿನವು, ಬಹುಪಾಲು ನಿರಪಾಯ. ಒಳಗೆ ಗಟ್ಟಿ ಗಂಟು ಕಂಡರೆ ತಡಮಾಡದೆ ಮೂತ್ರರೋಗ ತಜ್ಞರನ್ನು ಕಾಣಬೇಕು. ಕ್ಯಾನ್ಸರ್ ಗುರುತಿಸಲು ರಕ್ತಪರೀಕ್ಷೆ ಮಾಡಿಸುತ್ತಾರೆ, ಚೀಲಕ್ಕೆ ಸೂಜಿ ಚುಚ್ಚಿ ಮಾದರಿ ತೆಗೆಯುವುದಿಲ್ಲ.

ಒಂದು ಎಚ್ಚರಿಕೆ. ನೋವು ಇದ್ದಕ್ಕಿದ್ದಂತೆ ಜೋರಾಗಿ ಶುರುವಾಗಿ ವಾಂತಿಯೂ ಬಂದರೆ ಸ್ಕ್ಯಾನಿಂಗ್ ದಿನಕ್ಕೆ ಕಾಯದೆ ತುರ್ತು ಚಿಕಿತ್ಸಾ ವಿಭಾಗಕ್ಕೇ ಹೋಗಿ. ವೃಷಣ ತಿರುಚಿಕೊಂಡಿದ್ದರೆ ಅದನ್ನು ಉಳಿಸಿಕೊಳ್ಳುವ ಅವಕಾಶ ಸುಮಾರು 6 ಗಂಟೆಯ ನಂತರ ಬೇಗ ಕುಸಿಯುತ್ತದೆ. ಅರೆಬರೆ ತಿರುಚಿದ್ದಾಗ ಡಾಪ್ಲರ್‌ನಲ್ಲಿ ರಕ್ತ ಹರಿಯುವುದು ಕಾಣುವುದೂ ಉಂಟು. ಹಾಗಾಗಿ ಅನುಮಾನ ಬಲವಾಗಿದ್ದರೆ ಸರ್ಜನ್ ಸ್ಕ್ಯಾನಿಂಗ್ ಇಲ್ಲದೆಯೇ ಆಪರೇಷನ್‌ಗೆ ಕರೆದೊಯ್ಯಬಹುದು.