ಸ್ಲೈಡಿನಲ್ಲಿ ಪರೋಪಜೀವಿ ಇದೆ, ಸರಿ. ಹಕ್ಕಿ ಹೇಗಿದೆ?

ಹಕ್ಕಿ ಮತ್ತು ಕಾಡುಪ್ರಾಣಿಗಳ ರಕ್ತದ ಕಾಯಿಲೆಗಳು ನನ್ನ ಕೆಲಸ. ನನಗೆ ಬರುವ ಸಂದೇಶಗಳಲ್ಲಿ ಮುಕ್ಕಾಲು ಪಾಲು ಒಂದೇ ತರ ಇರುತ್ತವೆ. “ಮೇಡಂ, ರಕ್ತದಲ್ಲಿ ಪರೋಪಜೀವಿ ಸಿಕ್ಕಿದೆ. ಯಾವ ಔಷಧ, ಎಷ್ಟು ಡೋಸ್?” ಹಕ್ಕಿ ತಿನ್ನುತ್ತಿದೆಯಾ, ತೂಕ ಎಷ್ಟು, ಅದನ್ನು ಯಾಕೆ ಹಿಡಿದು ತಂದರು, ಇದ್ಯಾವುದೂ ಇರುವುದಿಲ್ಲ. ಮೈಕ್ರೋಸ್ಕೋಪಿಗೆ ಮೊಬೈಲ್ ಹಿಡಿದು ತೆಗೆದ ಒಂದು ಫೋಟೊ ಇರುತ್ತದೆ, ಅಷ್ಟೇ.

ಆ ಫೋಟೊದಲ್ಲಿ ಇರುವುದು ಎಷ್ಟೋ ಸಲ ಪರೋಪಜೀವಿಯೇ ಅಲ್ಲ. ಹಕ್ಕಿಯ ಕೆಂಪು ರಕ್ತಕಣದೊಳಗೆ ನ್ಯೂಕ್ಲಿಯಸ್ ಇರುತ್ತದೆ, ನಮ್ಮದರಲ್ಲಿ ಇರುವುದಿಲ್ಲ. ಮನುಷ್ಯರ ಸ್ಲೈಡ್ ನೋಡಿ ಅಭ್ಯಾಸ ಆದವರು ಆ ನೇರಳೆ ಚುಕ್ಕೆ ಕಂಡ ಕೂಡಲೇ ಗಾಬರಿ ಬೀಳುತ್ತಾರೆ. ಒಬ್ಬ ಹುಡುಗ ಕಂಡ ಕಂಡ ಕಣಕ್ಕೆಲ್ಲ ಕೆಂಪು ಸುತ್ತು ಹಾಕಿ ಕಳಿಸಿದ್ದ. ಅಷ್ಟೂ ನ್ಯೂಕ್ಲಿಯಸ್! ಶ್ರದ್ಧೆಗೆ ಪೂರ್ತಿ ಅಂಕ. ಈಗ ಅವನು ಮಾಡುವ ಸ್ಮಿಯರ್ (ಸ್ಲೈಡಿನ ಮೇಲೆ ತೆಳುವಾಗಿ ಹರಡಿದ ರಕ್ತ) ನನ್ನದಕ್ಕಿಂತ ಚೆನ್ನಾಗಿರುತ್ತದೆ.

ಸರಿ, ನಿಜವಾಗಿಯೂ ಪರೋಪಜೀವಿ ಇದೆ ಅಂತಲೇ ಇಟ್ಟುಕೊಳ್ಳಿ. ಹಕ್ಕಿಗಳ ಕೆಂಪು ರಕ್ತಕಣದಲ್ಲಿ ಬದುಕುವ ಹೀಮೊಪ್ರೋಟಿಯಸ್ ಅನ್ನೋಣ. ಪಾರಿವಾಳ, ಗೂಬೆಗಳಲ್ಲಿ ಇದು ತೀರಾ ಮಾಮೂಲಿ. ಪಾರಿವಾಳಕ್ಕೆ ಗರಿಗಳ ಸಂದಿಯಲ್ಲಿ ಓಡಾಡುವ ಚಪ್ಪಟೆ ನೊಣದಿಂದ ಅಂಟುತ್ತದೆ. ಹೆಚ್ಚಿನ ಹಕ್ಕಿಗಳು ಅದನ್ನು ಮೈಯಲ್ಲಿ ಇಟ್ಟುಕೊಂಡೇ ಹಾರುತ್ತವೆ, ಮೊಟ್ಟೆ ಇಡುತ್ತವೆ, ಮರಿ ಸಾಕುತ್ತವೆ. ಪರೋಪಜೀವಿ ಇರುವುದು ಬೇರೆ, ಅದರಿಂದ ಕಾಯಿಲೆ ಬೀಳುವುದು ಬೇರೆ. ಇದನ್ನು ಕೇಳಿ ಎಲ್ಲರೂ ತಲೆಯಾಡಿಸುತ್ತಾರೆ. ಮರುವಾರ ಮತ್ತೆ ಅದೇ ಪ್ರಶ್ನೆ. ಕಿಟಕಿಗೆ ಬಡಿದು ರೆಕ್ಕೆ ಮುರಿದುಕೊಂಡ ಗೂಬೆಯ ರಕ್ತದಲ್ಲಿ ಹೀಮೊಪ್ರೋಟಿಯಸ್ ಸಿಕ್ಕಿತು ಅನ್ನಿ. ಆ ಗೂಬೆಯ ತೊಂದರೆ ರೆಕ್ಕೆಯದು. ಮೊದಲು ರೆಕ್ಕೆ ನೋಡಿ. ಹಸಿವು, ಗಾಯ, ಪಂಜರದ ಭಯದಿಂದ ಸೊರಗಿದ ಹಕ್ಕಿಯಲ್ಲಿ ಹಳೇ ಸೋಂಕು ತಲೆ ಎತ್ತುವುದೂ ಉಂಟು. ಅಂದರೆ ಪರೋಪಜೀವಿ ಜಾಸ್ತಿ ಆಗಿದ್ದರಿಂದ ಹಕ್ಕಿ ಸೊರಗಿತು ಅಂತಲೇ ಅಲ್ಲ, ಸೊರಗಿದ್ದಕ್ಕೆ ಅದು ಜಾಸ್ತಿ ಆಗಿರಬಹುದು.

ಉಲ್ಟಾ ಕೂಡ ನಡೆಯುತ್ತದೆ. ಮೃಗಾಲಯದ ಪೆಂಗ್ವಿನ್‌ಗಳು ಹಕ್ಕಿ ಮಲೇರಿಯಾದಿಂದ ಸಾಯುವಾಗ ಕೆಲವೊಮ್ಮೆ ರಕ್ತದಲ್ಲಿ ಏನೂ ಕಾಣುವುದಿಲ್ಲ. ಪರೋಪಜೀವಿ ಶ್ವಾಸಕೋಶ, ಯಕೃತ್ತು, ಗುಲ್ಮದಲ್ಲಿ ಬೆಳೆಯುತ್ತಿರುತ್ತದೆ. ಪಿಸಿಆರ್ (ಪರೋಪಜೀವಿಯ ಡಿಎನ್‌ಎ ಹುಡುಕುವ ಪರೀಕ್ಷೆ) ಮಾಡಿಸಿದರೆ ಎಲ್ಲ ತಿಳಿಯುತ್ತದೆ ಅನ್ನುವವರಿಗೆ ಒಂದು ಮಾತು: ಅದು ಡಿಎನ್‌ಎ ಇದೆ ಅನ್ನುತ್ತದೆ. ಆ ಪರೋಪಜೀವಿ ಈ ಹಕ್ಕಿಯಲ್ಲಿ ಬೆಳೆದು ಮುಂದೆ ಹರಡಬಲ್ಲದಾ ಅಂತ ಹೇಳುವುದಿಲ್ಲ.

ಹಾಗಂತ ಇವೆಲ್ಲ ಸಾಧು ಜೀವಿಗಳು ಅಂತ ನಾನು ಹೇಳುತ್ತಿಲ್ಲ. ಹವಾಯಿ ದ್ವೀಪಗಳಲ್ಲಿ ಮೊದಲು ಸೊಳ್ಳೆಯೇ ಇರಲಿಲ್ಲ. 1826ರ ಹೊತ್ತಿಗೆ ಹಡಗಿನಲ್ಲಿ ಬಂದವು. ಆಮೇಲೆ ಮಲೇರಿಯಾವೂ ಬಂತು. ಬೇರೆ ಕಡೆಯ ಗುಬ್ಬಿಗಳು ಸಹಿಸಿಕೊಂಡು ಬದುಕುವ ಪ್ಲಾಸ್ಮೋಡಿಯಂ ರೆಲಿಕ್ಟಂ ಎಂಬ ಮಲೇರಿಯಾ ಪರೋಪಜೀವಿ ಅಲ್ಲಿನ ಹಕ್ಕಿಗಳಿಗೆ ಯಮನಾಯಿತು. ಒಂದು ಪ್ರಯೋಗದಲ್ಲಿ, ಸೋಂಕಿರುವ ಒಂದೇ ಸೊಳ್ಳೆಯಿಂದ ಕಚ್ಚಿಸಿಕೊಂಡ, ಹವಾಯಿಯದೇ ಆದ ಇಇವಿ ಹಕ್ಕಿಗಳಲ್ಲಿ ಹತ್ತಕ್ಕೆ ಒಂಬತ್ತು ಸತ್ತವು.

ನನಗೆ ಇದಕ್ಕಿಂತ ಹೆಚ್ಚು ಕಾಡುವುದು ಆಫ್ರಿಕಾದ ಸೆರೆಂಗೆಟಿಯ ಸಿಂಹಗಳ ಕತೆ. ಅವುಗಳ ರಕ್ತದಲ್ಲಿ ಉಣುಗಿನಿಂದ ಹರಡುವ ಬಬೀಸಿಯಾ ಎಂಬ ಪರೋಪಜೀವಿ ಯಾವಾಗಲೂ ಇರುವಂಥದ್ದೇ. ನಾಯಿಗಳಿಗೆ ಬರುವ ಡಿಸ್ಟೆಂಪರ್ ಕಾಯಿಲೆಯ ವೈರಸ್ ಕೂಡ ಸದ್ದಿಲ್ಲದೆ ಬಂದು ಹೋಗಿದ್ದುಂಟು. ಆದರೆ 1993ರಲ್ಲಿ ಬರ ಬಿತ್ತು. ಕಾಡೆಮ್ಮೆಗಳು ಸೊರಗಿದವು, ಅವುಗಳ ಮೈತುಂಬಾ ಉಣುಗು. ಸಿಂಹಗಳು ಅವನ್ನೇ ತಿಂದವು, ಉಣುಗು ಇವಕ್ಕೂ ಹತ್ತಿತು, ಬಬೀಸಿಯಾ ವಿಪರೀತ ಏರಿತು. ಅದೇ ಹೊತ್ತಿಗೆ ಡಿಸ್ಟೆಂಪರ್ ಬಂದು ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸಿತು. 1994ರಲ್ಲಿ ಸುಮಾರು ಮೂರನೇ ಒಂದು ಭಾಗ ಸಿಂಹಗಳು ಸತ್ತವು. ಈಗ ಹೇಳಿ, ಕೊಂದದ್ದು ಯಾವುದು? ಬರೀ ಸ್ಲೈಡ್ ನೋಡಿ ಉತ್ತರ ಕೊಡಲು ಆಗುತ್ತಾ?

ಅದಕ್ಕೇ ನಾನು ಕಣ್ಣಲ್ಲಿ ನೋಡದ ಹಕ್ಕಿಗೆ ಔಷಧ ಹೇಳುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ. ಮಲೇರಿಯಾ ಔಷಧ ಕ್ಲೋರೋಕ್ವಿನ್‌ನ ಡೋಸ್ ತಪ್ಪಿದರೆ ವಿಷ. ಪದೇ ಪದೇ ಹಿಡಿದು ಬಾಯಿಗೆ ಹಾಕುವ ಗಾಬರಿಗೇ ಸಣ್ಣ ಹಕ್ಕಿಗಳು ಸಾಯಬಹುದು. ಚಿಕಿತ್ಸೆ ಬೇಕಾಗುವ ಹಕ್ಕಿಗಳು ಖಂಡಿತ ಇವೆ. ರಕ್ತಹೀನತೆ ಇದ್ದು, ಎಣಿಸಿದ ರಕ್ತಕಣಗಳಲ್ಲಿ ಸೋಂಕಿರುವವು ಜಾಸ್ತಿ ಇದ್ದು, ಬೇರೆ ಕಾರಣ ಸಿಗದಿದ್ದಾಗ ಕೊಡುತ್ತೇವೆ. ಅದನ್ನು ನಿಮ್ಮ ಎದುರಿಗಿರುವ ಪಶುವೈದ್ಯರು ನಿರ್ಧರಿಸಲಿ.

ನನಗೆ ಏನಾದರೂ ಕಳಿಸುವುದಾದರೆ ತೂಕ ಮತ್ತು ಪಿಸಿವಿ (ರಕ್ತದಲ್ಲಿ ಕೆಂಪುಕಣಗಳ ಪಾಲು) ಬರೆದು ಕಳಿಸಿ. ರಕ್ತ ತೆಗೆದ ಕೂಡಲೇ ಸ್ಮಿಯರ್ ಮಾಡಿ. ತಡವಾದರೆ ಪರೋಪಜೀವಿ ತಾನು ಸೊಳ್ಳೆಯ ಹೊಟ್ಟೆ ಸೇರಿದೆ ಅಂದುಕೊಂಡು ರೂಪ ಬದಲಿಸಲು ಶುರು ಮಾಡುತ್ತದೆ, ಗುರುತು ಹಿಡಿಯುವುದು ಕಷ್ಟ. ಒಣಗಿಸಿ, ಕಣಗಳು ಕೆಡದಂತೆ ಮೆಥನಾಲಿನಲ್ಲಿ ಫಿಕ್ಸ್ ಮಾಡಿ. ಫಾರ್ಮಲಿನ್ ಬಾಟಲಿಯನ್ನು ಸ್ಲೈಡುಗಳ ಜೊತೆ ಒಂದೇ ಡಬ್ಬಿಯಲ್ಲಿ ಇಡಲೇಬೇಡಿ. ಅದರ ಹಬೆ ತಾಗಿದರೂ ಬಣ್ಣ ಸರಿಯಾಗಿ ಹತ್ತುವುದಿಲ್ಲ. ಸತ್ತ ಹಕ್ಕಿಯಾದರೆ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಡಿ, ಫ್ರೀಜರ್ ಬೇಡ. ಹೆಪ್ಪುಗಟ್ಟಿದ ಯಕೃತ್ತಿನಲ್ಲಿ ನೋಡಬೇಕಾದದ್ದೆಲ್ಲ ಹಾಳಾಗಿರುತ್ತದೆ.